ಎರಡೂಕಾಲು ಇಂಚು

ಗೋಡೆಯ ಕೊನೆಯ ಇಟ್ಟಿಗೆ ಕಿತ್ತು ಬಂದು ಧೂಳು ಸ್ವಲ್ಪ ಅಡಗಿದ ಮೇಲೆ, ಗಾಲಿಕುರ್ಚಿಯಲ್ಲಿ ಕೂತಿದ್ದ ಅತ್ತೆ ಮೂಗಿಗೆ ಹಿಡಿದಿದ್ದ ಟವಲನ್ನು ತೊಡೆಯ ಮೇಲೆ ಹಾಕಿಕೊಂಡು, "ಎಲ್ಲಾರೂ ಪಕ್ಕಕ್ಕೆ ಸರೀರಿ. ನನ್ನ ಅರಮನೆಗೆ ನಾನೇ ಮೊದಲು" ಎಂದರು. ಮಗಳು ಹಿಂದಿನಿಂದ ಕುರ್ಚಿ ತಳ್ಳಿದಳು. ಕುರ್ಚಿ ಪ್ಯಾಸೇಜಿನ ಉದ್ದಕ್ಕೂ ಸಲೀಸಾಗಿ ಉರುಳಿ ಹೊಸ ಕೋಣೆಯ ಬಾಯಿಗೆ ಬಂದು ಟಕ್ಕೆಂದು ನಿಂತಿತು. ಮಗಳು ಇನ್ನೊಮ್ಮೆ, ಸ್ವಲ್ಪ ಜೋರಾಗಿ ತಳ್ಳಿದಳು. ಅತ್ತೆ ಮುಂದಕ್ಕೆ ಮುಗ್ಗರಿಸಿ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಏನೇ ಅದು ಅಡ್ಡ?"

"ಅಡ್ಡ ಏನಿಲ್ಲಮ್ಮ. ನೆಲಾನೇ ಎತ್ತರ ಇದೆ."

ಅಳಿಯ ಮಂಡಿಯೂರಿ ಕೂತು ಟೇಪು ಹಿಡಿದ. ಒಮ್ಮೆ ನೋಡಿ, ನಂಬದೆ, ಬಾಗಿಲಿನ ಇನ್ನೊಂದು ಮಗ್ಗುಲಲ್ಲೂ ಹಿಡಿದು ನೋಡಿದ. "ಎರಡೂಕಾಲು ಇಂಚು" ಎಂದ. ಅವನ ದನಿ ಅವನಿಗೇ ಬೇರೆ ಯಾರದೋ ಅನ್ನಿಸಿತು.

ಈ ಅಳಿಯನಿಗೆ ಮನೆಯಲ್ಲಿ ಇಂಚಪ್ಪ ಎಂದೇ ಹೆಸರು. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವನು ಡ್ರಾಫ್ಟ್ಸ್‌ಮನ್. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಾಗದದ ಮೇಲೆ ಹಿಡಿದು ತೋರಿಸುವುದೇ ಇಪ್ಪತ್ತಾರು ವರ್ಷದಿಂದ ಅವನ ಉದ್ಯೋಗ. ಗೋಡೆಯ ಕ್ಯಾಲೆಂಡರು ಸೊಟ್ಟಗಿದ್ದರೆ ಊಟ ಬಿಟ್ಟು ಎದ್ದು ಸರಿಮಾಡಿ ಬಂದು ಕೂರುವ ಆಸಾಮಿ. ಹೆಸರಿಟ್ಟವರು ಅತ್ತೆಯೇ. ಎದುರಿಗೆ ಮಾತ್ರ 'ಅಳಿಯಂದ್ರೇ' ಎನ್ನುತ್ತಿದ್ದರು. ಅವರು ಸೊಂಟದ ಮೂಳೆ ಮುರಿದುಕೊಂಡು ಮಗಳ ಮನೆ ಸೇರಿದ ಮೇಲೆ, ಹಿತ್ತಲಿನ ಖಾಲಿ ಜಾಗದಲ್ಲಿ ಅವರಿಗೊಂದು ಕೋಣೆ, ಅದಕ್ಕೆ ಅಂಟಿಕೊಂಡು ಬಚ್ಚಲು ಕಟ್ಟಿಸುವುದೆಂದು ಆಯಿತು. ನಕ್ಷೆ ಬರೆದವನು ಇಂಚಪ್ಪ. ನಕ್ಷೆಯ ಮೂಲೆಯಲ್ಲಿ ಕೆಂಪು ಶಾಯಿಯಿಂದ 'ಎಲ್ಲೂ ಹೊಸ್ತಿಲಿಲ್ಲ, ಎಲ್ಲೂ ಮೆಟ್ಟಿಲಿಲ್ಲ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದ್ದ.

ಅತ್ತೆಗೆ ಧೂಳಾಗುವುದಿಲ್ಲ, ಕೆಮ್ಮು ಶುರುವಾದರೆ ನಿಲ್ಲುವುದಿಲ್ಲ. ಹಾಗಾಗಿ ಹೊಸ ಕೋಣೆ ಪೂರ್ತಿ ಮುಗಿದು, ಟೈಲ್ಸ್ ಕೂತು, ಬಚ್ಚಲಿನ ನಲ್ಲಿಯಲ್ಲಿ ನೀರು ಬಂದ ಮೇಲೆ, ಕಟ್ಟಕಡೆಗೆ ಪ್ಯಾಸೇಜಿನ ತುದಿಯ ಕಿಟಕಿ ಕಿತ್ತು, ಅದರ ಕೆಳಗಿನ ಗೋಡೆ ಒಡೆದು ಬಾಗಿಲು ಮಾಡುವುದೆಂದು ಮೊದಲೇ ಮಾತಾಗಿತ್ತು. ಎರಡು ತಿಂಗಳು ಕಿಟಕಿಗೆ ಹಲಗೆ ಬಡಿದಿದ್ದರು. ಹಳೆಯ ನೆಲ ಈಚೆ, ಹೊಸ ನೆಲ ಆಚೆ. ಎರಡನ್ನೂ ಒಟ್ಟಿಗೆ ನೋಡುವ ಭಾಗ್ಯ ಈ ಮಂಗಳವಾರದವರೆಗೆ ಯಾರಿಗೂ ಬಂದಿರಲಿಲ್ಲ.

ಇಂಚಪ್ಪನ ಹೆಂಡತಿ ಸೊಂಟಕ್ಕೆ ಕೈಕೊಟ್ಟು ಮೇಸ್ತ್ರಿಯ ಕಡೆ ತಿರುಗಿದಳು. "ಎರಡು ನೂಲು ಹೆಚ್ಚುಕಮ್ಮಿ ಅಂದ್ರೆ ಒಪ್ಕೋಬಹುದು ಮೇಸ್ತ್ರಿ. ಎರಡೂಕಾಲು ಇಂಚು ಅಂದ್ರೆ ಏನು ಹೇಳಿ? ಮೆಟ್ಲು ಕಟ್ಟಿಟ್ಟಿದೀರಲ್ಲ ನೀವು. ಕಣ್ಣು ಮಂಜಾಗಿದ್ರೆ ಮೊದಲೇ ಹೇಳ್ಬೇಕಿತ್ತು. ಗುರುತು ಹಾಕೋದಕ್ಕಷ್ಟೇ ಬೇರೆ ಯಾರನ್ನಾದ್ರೂ ಕರೀತಿದ್ವಿ."

ಅವಳು ಕೆಟ್ಟವಳಲ್ಲ. ಸಿಟ್ಟು ಬಂದಾಗ ನಾಲಿಗೆ ಮುಂದೆ ಓಡುತ್ತದೆ, ಅವಳು ಏದುಸಿರು ಬಿಡುತ್ತ ಹಿಂದೆ ಬಂದು ಸಮಾಧಾನ ಮಾಡುತ್ತಾಳೆ. ಆದರೆ ಅಷ್ಟರಲ್ಲಿ ಮಾತು ಆಡಿಯಾಗಿತ್ತು.

ಮೇಸ್ತ್ರಿಗೆ ಅರವತ್ತೆಂಟು ವರ್ಷ. ಈ ಬೀದಿಯಲ್ಲೇ ಅವರ ಕೈಯ ಮನೆಗಳು ಆರಿದ್ದವು. ಅವರು ವಾದಿಸಲಿಲ್ಲ. ನಿಧಾನವಾಗಿ ಕೂತು, ಎರಡು ನೆಲ ಕೂಡುವ ಕಡೆ ಅಂಗೈ ಆಡಿಸಿದರು. ಎಡಗಣ್ಣು ಮುಚ್ಚಿ ನೋಡಿದರು. ಆಮೇಲೆ ಬಲಗಣ್ಣು ಮುಚ್ಚಿ ನೋಡಿದರು.

"ಗುರುತು ಹಾಕಿದ್ದು ನಾನೇ ಅಮ್ಮ" ಎಂದರು. "ನೀರಿನ ಗೆರೆ ಕಾಣ್ತು ಅಂತಲೇ ಹಾಕಿದ್ದು. ಕಂಡಿಲ್ಲ ಅಂತಾಯ್ತು."

ಎಲ್ಲರೂ ಮೇಸ್ತ್ರಿಯನ್ನು ನೋಡುತ್ತಿದ್ದರು. ಗಾರೆಯ ಬಾಂಡ್ಲಿ ಹಿಡಿದು ಬಾಗಿಲಾಚೆ ನಿಂತಿದ್ದ ಅವರ ಸೊಸೆ ಮಾತ್ರ ಇಂಚಪ್ಪನನ್ನು ನೋಡಿದಳು. ಇಂಚಪ್ಪ ಟೇಪನ್ನು ಎಳೆಯುತ್ತ, ಬಿಡುತ್ತ, ಮತ್ತೆ ಎಳೆಯುತ್ತ ನಿಂತಿದ್ದ.

ತಪ್ಪು ಯಾರದೆಂದು ಅವನಿಗೆ ಗೊತ್ತಿತ್ತು. ಇವತ್ತಲ್ಲ, ಎರಡು ತಿಂಗಳ ಹಿಂದೆಯೇ ಗೊತ್ತಿತ್ತು.

ಹಳೆಯ ನೆಲದ ಮಟ್ಟವನ್ನು ಹೊಸ ಗೋಡೆಗೆ ಒಯ್ಯಲು ಮೇಸ್ತ್ರಿ ಬಳಸುತ್ತಿದ್ದದ್ದು ಲೆವೆಲ್ ಪೈಪು. ನೀರು ತುಂಬಿದ, ಒಳಗಿನದು ಕಾಣುವ ಉದ್ದನೆಯ ಪ್ಲಾಸ್ಟಿಕ್ ಪೈಪು. ಒಂದು ತುದಿಯ ನೀರನ್ನು ಒಳಗಿನ ಗೆರೆಗೆ ಸರಿಯಾಗಿ ಹಿಡಿದರೆ, ಇನ್ನೊಂದು ತುದಿ ಎಷ್ಟು ದೂರವಿದ್ದರೂ ಅಲ್ಲಿಯೂ ನೀರು ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಓಡಾಡುವಾಗ ಚೆಲ್ಲದಿರಲಿ ಎಂದು ಎರಡು ಬಾಯಿಗೂ ಹೆಬ್ಬೆರಳು ಒತ್ತಿಕೊಂಡಿರುತ್ತಾರೆ. ಗುರುತು ಹಾಕುವ ಮೊದಲು ಎರಡು ಬೆರಳೂ ತೆಗೆಯಲೇಬೇಕು. ಒಂದು ಬಾಯಿ ಮುಚ್ಚಿದ್ದರೂ ನೀರಿಗೆ ಉಸಿರುಕಟ್ಟಿ ಅದು ಸುಳ್ಳು ಮಟ್ಟ ತೋರಿಸುತ್ತದೆ. ಇದು ಮೇಸ್ತ್ರಿಗೆ ಗೊತ್ತು. ದಿನವಿಡೀ ಪಂಪಿನ ನಕ್ಷೆ ಬರೆಯುವವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಆ ಬೆಳಿಗ್ಗೆ ಒಳಗಿನ ತುದಿ ಹಿಡಿದವನು ಇಂಚಪ್ಪ. ಆಫೀಸಿಗೆ ಹೊರಟು ನಿಂತಿದ್ದ, ಇಸ್ತ್ರಿ ಮಾಡಿದ ಬಟ್ಟೆ. ಪೈಪಿನ ಬಾಯಿಂದ ಒಂದು ಹನಿ ಚಿಮ್ಮಿ ಅಂಗಿಯ ಮೇಲೆ ಬಿತ್ತು. ಅಂಗಿ ಹಾಳಾಯಿತಲ್ಲ ಎಂದು ಹೆಬ್ಬೆರಳನ್ನು ಗಟ್ಟಿಯಾಗಿ ಒತ್ತಿದ. ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬಸ್ಸಿನ ಹೊತ್ತು ನೋಡುತ್ತಿದ್ದ. ಪೈಪು ಕಿಟಕಿಯಿಂದ ಆಚೆ ಹೋಗಿತ್ತು. ದೂರದ ಮೂಲೆಯಿಂದ ಮೇಸ್ತ್ರಿ, "ಬೆರಳು ಬಿಟ್ಟಿದೀರಾ ಸಾರ್?" ಎಂದು ಕೂಗಿದರು. "ಬಿಟ್ಟಿದೀನಿ, ಹಾಕಿ" ಎಂದ. "ತುದಿ ಬದಲಾಯಿಸಿ ಇನ್ನೊಂದ್ಸಲ ನೋಡೋಣವಾ? ನಾನು ಯಾವಾಗಲೂ ಎರಡು ಸಲ ನೋಡೋದು." "ಸರಿಯಾಗಿದೆ ಬಿಡಿ ಮೇಸ್ತ್ರಿ, ನನ್ನ ಬಸ್ಸು ಹೋಗುತ್ತೆ."

ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಟಿಕೆಟು ತೆಗೆದುಕೊಳ್ಳಲು ಕೈ ಚಾಚಿದಾಗ ಹೆಬ್ಬೆರಳ ಮೇಲೆ ಪೈಪಿನ ಬಾಯಿಯ ದುಂಡನೆಯ ಅಚ್ಚು ಕೆಂಪಗೆ ಕಾಣಿಸಿತು. ಫೋನು ಕೈಯಲ್ಲೇ ಇತ್ತು, ಮೇಸ್ತ್ರಿಯ ನಂಬರೂ ಇತ್ತು. ಅರ್ಧ ಇಂಚು ಇರಬಹುದು, ಏನೂ ಇಲ್ಲದೆಯೂ ಇರಬಹುದು, ಸಂಜೆ ಹೇಳಿದರಾಯಿತು ಎಂದುಕೊಂಡ. ಸಂಜೆಗೆ ಮಣ್ಣು ತುಂಬಿ, ಬಡಿದು ಗಟ್ಟಿಮಾಡುವ ದಮ್ಮಸ್ಸು ಶುರುವಾಗಿತ್ತು. ಮಾರನೆಯ ದಿನ ಜಲ್ಲಿ ಬಿತ್ತು. ಆಮೇಲೆ ಕಾಂಕ್ರೀಟು. ಪ್ರತಿ ದಿನವೂ ಹೇಳುವ ಕೆಲಸ ಹಿಂದಿನ ದಿನಕ್ಕಿಂತ ಕಷ್ಟವಾಗುತ್ತ ಹೋಯಿತು. ಕೊನೆಗೆ ಅವನು ತನಗೆ ತಾನೇ ಏನೂ ಆಗಿಲ್ಲ ಎಂದು ಒಪ್ಪಿಸಿಬಿಟ್ಟ. ಓದಿದವರು ಇಂಥದ್ದರಲ್ಲಿ ಬಹಳ ಜಾಣರು.

ಈಗ ಉಳಿದದ್ದು ಎರಡೂಕಾಲು ಇಂಚು. ಒಡೆದು ಇಳಿಸೋಣವೆಂದರೆ ಬಚ್ಚಲಿನ ಪೈಪುಗಳೆಲ್ಲ ಅದೇ ಎತ್ತರ ನಂಬಿಕೊಂಡು ಕೂತಿದ್ದವು. ನೆಲ ಇಳಿದರೆ ನೀರು ಹೊರಗೆ ಹೋಗುವ ಬದಲು ಕೋಣೆಗೆ ಬರುತ್ತದೆ. ಇಂಚಪ್ಪ ಶನಿವಾರದವರೆಗೆ ರಜೆ ಹಾಕಿ ಊಟದ ಮೇಜಿನ ಮೇಲೆ ಕಾಗದ ಹರಡಿದ. ಪ್ಯಾಸೇಜಿನಲ್ಲಿ ಇಳಿಜಾರು ಮಾಡಿದರೆ ಅದು ಅಡುಗೆಮನೆಯ ಬಾಗಿಲಿಗೇ ಬರುತ್ತಿತ್ತು. ಅಲ್ಲಿ ಕುರ್ಚಿ ತಿರುಗಿಸಿದರೆ ವಾಲುವುದು ಖಂಡಿತ. ಹಳೆಯ ಮನೆಯ ನೆಲವನ್ನೇ ಎತ್ತರಿಸಿದರೆ ಮುಂಬಾಗಿಲಿನಲ್ಲಿ ಹೊಸ ಮೆಟ್ಟಿಲು ಹುಟ್ಟುತ್ತಿತ್ತು. ಇಳಿಜಾರನ್ನು ಹೊಸ ಕೋಣೆಯೊಳಗೇ ಇಡೋಣವೆಂದರೆ ಒಳಗೆ ಕಾಲಿಟ್ಟ ಕೂಡಲೇ ಎಡಕ್ಕೆ ಬಚ್ಚಲಿನ ಬಾಗಿಲು. ಅಲ್ಲಿಯೂ ಓರೆ ನೆಲದ ಮೇಲೆ ತಿರುಗಬೇಕು. ಏಳು ನಕ್ಷೆ ಬರೆದ. ಏಳರಲ್ಲೂ ಅತ್ತೆ ಎಲ್ಲಾದರೂ ಒಂದು ಕಡೆ ಉರುಳುತ್ತಿದ್ದರು.

"ನಿಮಗ್ಯಾಕ್ರೀ ಇಷ್ಟು ತಲೆಬಿಸಿ?" ಹೆಂಡತಿ ಚಹಾ ತಂದಿಡುತ್ತ ಕೇಳಿದಳು. "ನೀವೇ ತಪ್ಪು ಮಾಡಿದ ಹಾಗೆ ಊಟನೂ ಸರಿ ಮಾಡ್ತಿಲ್ಲ."

ಅವನು ಚಹಾ ಕುಡಿದು ನಾಲಿಗೆ ಸುಟ್ಟುಕೊಂಡ.

ಗುರುವಾರ ಮಧ್ಯಾಹ್ನ ಅತ್ತೆ ಕುರ್ಚಿ ಉರುಳಿಸಿಕೊಂಡು ಮೇಜಿಗೆ ಬಂದು, ಕನ್ನಡಕ ಏರಿಸಿ ಏಳೂ ನಕ್ಷೆಗಳನ್ನು ನೋಡಿದರು. ಮೇಸ್ತ್ರಿ ಬಾಗಿಲ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

"ಬಚ್ಚಲಿನ ಬಾಗಿಲು ಇಲ್ಲೇ ಯಾಕಿದೆ?" ಎಂದರು ಅತ್ತೆ.

"ಒಳಗೆ ಬಂದ ಕೂಡಲೇ ಹತ್ತಿರ ಆಗ್ಲಿ ಅಂತ ಅತ್ತೆ."

"ಒಳಗೆ ಬರೋರು ಯಾರು? ನಾನು ದಿನಕ್ಕೆ ಎಷ್ಟು ಸಲ ಒಳಗೆ ಬರ್ತೀನಿ? ನಾನು ಇರೋದು ಮಂಚದ ಮೇಲೆ. ಬಚ್ಚಲಿಗೆ ಹೋಗೋದು ಮಂಚದಿಂದ. ಬಾಗಿಲು ಮಂಚದ ತಲೆ ಕಡೆ ಇಟ್ರೆ ನಾಲ್ಕು ಹೆಜ್ಜೆ. ನೀವಿಟ್ಟಿರೋ ಕಡೆ ಆದ್ರೆ ಕೋಣೆ ಸುತ್ತಿ ಬರ್ಬೇಕು. ಅದನ್ನ ಮುಚ್ಚಿ ಈ ಕಡೆ ತೆಗೀರಿ. ಆಮೇಲೆ ನಿಮ್ಮ ಇಳಿಜಾರನ್ನ ಬಾಗಿಲಿಂದ ಒಳಗೆ ಎಷ್ಟುದ್ದ ಬೇಕಾದ್ರೂ ಹಾಸ್ಕೊಳ್ಳಿ, ಅಲ್ಲಿ ಯಾರೂ ತಿರುಗಲ್ಲ." ಅತ್ತೆ ಕನ್ನಡಕ ತೆಗೆದರು. "ನನಗೋಸ್ಕರ ಕೋಣೆ ಅಂತ ಮೂರು ತಿಂಗಳಿಂದ ಕೇಳ್ತಿದೀನಿ. ನನ್ನನ್ನ ಮಾತ್ರ ಯಾರೂ ಕೇಳ್ಲಿಲ್ಲ."

ಮೇಸ್ತ್ರಿ ನಕ್ಕರು. ಮಂಗಳವಾರದ ಮೇಲೆ ಅವರು ನಕ್ಕದ್ದು ಅದೇ ಮೊದಲು. "ಅಮ್ಮಾವ್ರನ್ನ ಮೊದಲೇ ಕೆಲಸಕ್ಕೆ ಕರ್ಕೋಬೇಕಿತ್ತು ಸಾರ್" ಎಂದರು. ಇಂಚಪ್ಪನೂ ನಕ್ಕ. ಬಾಗಿಲ ಬಳಿಯ ನೆಲವನ್ನಷ್ಟೇ ಒಡೆದು ಐದಡಿ ಉದ್ದದ ಇಳಿಜಾರು, ಎರಡೂಕಾಲು ಇಂಚು ಇಳಿಕೆ. ಕುರ್ಚಿಗೆ ಗೊತ್ತೇ ಆಗುವುದಿಲ್ಲ. ಮನೆಯ ಸಮಸ್ಯೆ ಅಲ್ಲಿಗೆ ಮುಗಿಯಿತು.

ಮೇಸ್ತ್ರಿಯ ಸಮಸ್ಯೆ ಶುರುವಾದದ್ದು ಮಾರನೆಯ ದಿನ. ಹೊಸ ಬಾಗಿಲಿಗೆ ಗೋಡೆಯ ಮೇಲೆ ಗೆರೆ ಎಳೆಯಬೇಕಿತ್ತು. ಮೇಸ್ತ್ರಿ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಗೋಡೆಯ ಹತ್ತಿರ ಮುಖ ಒಯ್ದು, ದೂರ ತಂದು, ಮತ್ತೆ ಒಯ್ದು, ಕೊನೆಗೆ ಪೆನ್ಸಿಲನ್ನು ಸೊಸೆಯ ಕೈಗೆ ಕೊಟ್ಟರು. "ನೀನೇ ಹಾಕಮ್ಮ. ನಾನು ಎಲ್ಲಿ ಅಂತ ಹೇಳ್ತೀನಿ." ಮದುವೆಯಾಗಿ ಬಂದಾಗಿನಿಂದ ಹದಿನೈದು ವರ್ಷ ಅವರ ಜೊತೆ ಕೆಲಸ ಮಾಡಿದವಳು ಅವಳು. ಗೆರೆ ಎಳೆದಳು, ನೇರವಾಗಿಯೇ ಎಳೆದಳು. ಅಂದಿನಿಂದ ಪ್ರತಿ ಟೈಲ್ಸು ಕೂರಿಸುವಾಗಲೂ ಮೇಸ್ತ್ರಿ ಕೇಳುವರು: "ಇದು ಸರಿ ಇದೆಯಾ? ಇದು?" ಅವಳು "ಇದೆ ಮಾವ" ಎನ್ನುವಳು. ಐದು ನಿಮಿಷಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ. ಪಕ್ಕದ ಕೋಣೆಯಲ್ಲಿ ಕೂತ ಇಂಚಪ್ಪನಿಗೆ ಪ್ರತಿಯೊಂದೂ ಕೇಳಿಸುತ್ತಿತ್ತು.

ಚಹಾದ ಹೊತ್ತಿಗೆ ಮೇಸ್ತ್ರಿ ಅತ್ತೆಯ ಹತ್ತಿರ ಹೇಳಿದರು: "ಇದೇ ಕೊನೇ ಕೆಲಸ ಅಮ್ಮಾವ್ರೇ. ಎದುರಿನ ಔಷಧಿ ಅಂಗಡಿಯವರು ಎರಡು ಅಂತಸ್ತಿನ ಮನೆ ನನಗೇ ಕಟ್ಟೋಕೆ ಕೊಟ್ಟಿದಾರೆ. ಬುಧವಾರ ಇಲ್ಲಿದು ಮುಗಿಯುತ್ತೆ. ಅವತ್ತು ಸಂಜೆ ಹೋಗಿ ಬೇರೆಯವರನ್ನ ನೋಡ್ಕೊಳ್ಳಿ ಅಂತ ಹೇಳಿಬಿಡ್ತೀನಿ. ಇಲ್ಲಿ ನೆಲ ತಪ್ಪಿತು, ಸರಿ ಹೋಯ್ತು. ಅಲ್ಲಿ ಮೆಟ್ಟಿಲು ತಪ್ಪಿದ್ರೆ, ಸಜ್ಜ ತಪ್ಪಿದ್ರೆ?"

"ಕಣ್ಣು ತೋರಿಸಿದ್ರಾ?" ಅತ್ತೆ ಕೇಳಿದರು.

"ತೋರಿಸ್ದೆ. ವಯಸ್ಸಿಗೆ ತಕ್ಕ ಹಾಗಿದೆ ಅಂದ್ರು ಡಾಕ್ಟ್ರು. ಅವರೇನು ಗೋಡೆ ಕಟ್ತಾರಾ?"

ಇಂಚಪ್ಪನಿಗೆ ಬುಧವಾರದವರೆಗೆ ಸಮಯ ಸಿಕ್ಕಿತು. ಸಮಯ ಸಿಕ್ಕಿದ್ದಕ್ಕೆ ಹೇಡಿಗೆ ಆಗುವಂಥ ಸಂತೋಷವೂ ಆಯಿತು.

ಶನಿವಾರ ಮೇಸ್ತ್ರಿ ಸಿಮೆಂಟು ತರಲು ಹೋಗಿದ್ದಾಗ ಅವನು ಹಿತ್ತಲಿಗೆ ಬಂದ. ಸೊಸೆ ಮರಳು ಜರಡಿ ಹಿಡಿಯುತ್ತಿದ್ದಳು. ಇವಳಿಗಾದರೂ ಹೇಳಿಬಿಡೋಣ, ಅವಳೇ ಮನೆಯಲ್ಲಿ ಹೇಗಾದರೂ ತಿಳಿಸುತ್ತಾಳೆ ಎಂಬುದು ಅವನ ಲೆಕ್ಕಾಚಾರ. "ಒಂದು ವಿಷಯ..." ಎಂದು ಶುರು ಮಾಡಿದ.

"ಹೆಬ್ಬೆರಳು ತಾನೇ ಸಾರ್?" ಅವಳು ಜರಡಿ ನಿಲ್ಲಿಸಲಿಲ್ಲ. "ನೋಡಿದ್ದೆ. ಅವತ್ತು ಕಿಟಕಿ ಕೆಳಗೇ ಗಾರೆ ಕಲಸ್ತಿದ್ದೆ. ನೀವು ಫೋನು ನೋಡ್ತಿದ್ರಿ."

ಇಂಚಪ್ಪ ಜರಡಿಯ ಅಂಚು ಹಿಡಿದು ನಿಲ್ಲಿಸಿದ. "ಮತ್ತೆ ಆಗಲೇ ಯಾಕೆ ಹೇಳ್ಲಿಲ್ಲ?"

"ಬಿಟ್ಟಿದೀನಿ ಅಂತ ನೀವೇ ಅಂದ್ರಿ. ಇಲ್ಲ ಬಿಟ್ಟಿಲ್ಲ ಅಂತ ನಾನು ಹೇಳೋಕಾಗುತ್ತಾ? ಮೇಸ್ತ್ರಿ ನೋಡ್ಕೋತಾರೆ ಅಂದ್ಕೊಂಡೆ." ಅವಳು ಜರಡಿಯ ಕಲ್ಲುಗಳನ್ನು ಪಕ್ಕಕ್ಕೆ ಸುರಿದಳು. "ಗೋಡೆ ಒಡೆದ ದಿನ ಹೇಳ್ಬಹುದಿತ್ತು. ಬಾಯಿಗೆ ಬಂದಿತ್ತು. ಆದ್ರೆ ಸಾರ್, ಹೋದ ವರ್ಷ ಸಾರವೆ ಮೇಲಿಂದ ಬಿದ್ರು. ಪಕ್ಕೆಲುಬು ಎರಡು ಹೋಯ್ತು. ಸಾಕು ಮಾವ, ಬಿಟ್ಟುಬಿಡಿ ಅಂತ ನಾನು, ನಮ್ಮನೆಯವರು ಇಬ್ಬರೂ ಹೇಳಿ ಹೇಳಿ ಬಾಯಿ ಒಣಗಿದೆ. ಕಿವಿಗೇ ಹಾಕ್ಕೊಳ್ಳಲ್ಲ. ಈಗ ತಾವಾಗೇ ಬಿಡ್ತೀನಿ ಅಂತಿದಾರೆ. ಹಾಗೇ ಇರ್ಲಿ ಬಿಡಿ ಸಾರ್. ನೀವೂ ಏನೂ ಹೇಳ್ಬೇಡಿ."

ಹೇಳಬೇಡಿ ಎಂದು ಅವರ ಮನೆಯವಳೇ ಹೇಳಿದ ಮೇಲೆ ಇನ್ನೇನು? ಅಂದು ಇಂಚಪ್ಪ ಹೊಟ್ಟೆ ತುಂಬ ಉಂಡ. ಇನ್ನಷ್ಟು ಬಡಿಸೆಂದು ತಟ್ಟೆ ಮುಂದೆ ಮಾಡಿದ. ತಾನು ಬಾಯಿ ಮುಚ್ಚಿಕೊಂಡಿರುವುದು ಈಗ ಒಬ್ಬ ಮುದುಕನ ಪ್ರಾಣ ಕಾಪಾಡುವ ಪುಣ್ಯದ ಕೆಲಸವೂ ಆಗಿಬಿಟ್ಟಿತ್ತಲ್ಲ. ನಾಲ್ಕು ರಾತ್ರಿಯಿಂದ ಬಾರದ ನಿದ್ದೆ ಆ ರಾತ್ರಿ ಚೆನ್ನಾಗಿ ಬಂತು. ಆಮೇಲೆ ನೆನೆಸಿಕೊಂಡಾಗ ಅವನಿಗೆ ಎಲ್ಲಕ್ಕಿಂತ ನಾಚಿಕೆಯಾದದ್ದು ಆ ನಿದ್ದೆಗೆ.

ಸೋಮವಾರ ಬೆಳಿಗ್ಗೆ ಸೊಸೆ ಒಬ್ಬಳೇ ಮೊದಲು ಬಂದಳು. ಕಣ್ಣು ಕೆಂಪಗಿದ್ದವು.

"ನಿನ್ನೆ ಮಾವ ನನ್ನನ್ನ ನಾಲ್ಕು ಮನೆಗೆ ಕರ್ಕೊಂಡು ಹೋದ್ರು" ಎಂದಳು. "ಎರಡು ವರ್ಷದಿಂದ ಕಟ್ಟಿದ್ದೆಲ್ಲ ನೋಡ್ಬೇಕಂತೆ. ಲೆವೆಲ್ ಪೈಪು ಹೆಗಲಿಗೆ ಹಾಕ್ಕೊಂಡು. ಜನ ಭಾನುವಾರ ಅಂತ ಆರಾಮಾಗಿ ಕೂತಿದ್ರೆ, ಇವರು ಹೋಗಿ ಬಾಗಿಲು ತಟ್ಟಿ, ನಿಮ್ಮ ಮನೆ ಸೊಟ್ಟಗಿದೆಯಾ ನೋಡ್ತೀನಿ ಅಂತಾರೆ. ಒಬ್ರು ನಕ್ರು. ಒಬ್ರು ಹೆದರಿಕೊಂಡು, ಬಿರುಕು ಬಿಡುತ್ತಾ ಅಂತ ಕೇಳಿದ್ರು. ಎಲ್ಲಾ ಸರಿಯಾಗಿತ್ತು ಸಾರ್. ಒಂದು ನೂಲೂ ತಪ್ಪಿಲ್ಲ. ಸರಿಯಾಗಿದೆ ಮಾವ ಅಂದ್ರೆ, ನಿನಗೆ ನನ್ನ ಮೇಲೆ ಕನಿಕರ, ಅದಕ್ಕೇ ಹಾಗಂತೀಯ ಅಂದ್ರು. ಶಾಲೆ ಕಾಂಪೌಂಡು ಒಂದು ಬಾಕಿ ಇದೆ. ಮಕ್ಕಳು ಅದರ ಪಕ್ಕಾನೇ ಆಡ್ತಾರೆ ಅಂತ ರಾತ್ರಿಯೆಲ್ಲ ಕೂತೇ ಇದ್ರು."

ಇಂಚಪ್ಪ ಮರಳಿನ ರಾಶಿಯ ಅಂಚಿನಲ್ಲಿ ಕೂತುಬಿಟ್ಟ. "ಹೇಳಿಬಿಡ್ತೀನಿ" ಎಂದ.

"ಹೇಳಿ ಸಾರ್" ಎಂದಳು ಅವಳು. "ನಾನು ನೋಡಿದ್ದೆ ಅಂತ ಮಾತ್ರ ಹೇಳ್ಬೇಡಿ. ಒಂದೇ ಸೂರಿನಡಿ ಇರೋರು ನಾವು. ಗೊತ್ತಿದ್ದೂ ಸುಮ್ಮನಿದ್ದೆ ಅಂತ ತಿಳಿದ್ರೆ ಮಾವ ನನ್ನ ಕೈನೀರು ಮುಟ್ಟಲ್ಲ" ಎಂದಳು.

ಸೋಮವಾರ ಹೇಳಲಿಲ್ಲ, ಆಫೀಸಿನಿಂದ ಬರುವಷ್ಟರಲ್ಲಿ ಮೇಸ್ತ್ರಿ ಹೋಗಿದ್ದರು. ಮಂಗಳವಾರ ಹೇಳಲಿಲ್ಲ, ಪೇಂಟಿನವನು ಇದ್ದ. ನೆಪಕ್ಕೆ ಬರವೇ? ಬುಧವಾರ ಅರ್ಧ ದಿನ ರಜೆ ಹಾಕಿ ಬಂದ. ಕೆಲಸ ಮುಗಿದಿತ್ತು. ಅತ್ತೆ ಪ್ಯಾಸೇಜಿನಿಂದ ಕೋಣೆಗೆ, ಕೋಣೆಯಿಂದ ಪ್ಯಾಸೇಜಿಗೆ ತಾವೇ ಚಕ್ರ ತಿರುಗಿಸಿಕೊಂಡು ಮೂರು ಸಲ ಓಡಾಡಿ, "ನೀರಿನ ಮೇಲೆ ಹೋದ ಹಾಗಿದೆ ಮೇಸ್ತ್ರಿ" ಎಂದರು. ಮೇಸ್ತ್ರಿ ಕೈಕಾಲು ತೊಳೆದು, ಅಂಗಿಯ ತೋಳು ಇಳಿಸಿಕೊಂಡು ಹೊರಡಲು ನಿಂತಿದ್ದರು. ಸೊಸೆ ಕರಣೆ, ರಸಮಟ್ಟ, ಪೈಪು ಎಲ್ಲವನ್ನೂ ಚೀಲಕ್ಕೆ ತುಂಬುತ್ತಿದ್ದಳು.

"ಔಷಧಿ ಅಂಗಡಿಗೆ ಹೋಗ್ತೀನಿ ಸಾರ್" ಎಂದರು ಮೇಸ್ತ್ರಿ.

"ಮೇಸ್ತ್ರಿ, ಒಂದು ನಿಮಿಷ. ಅವತ್ತು ತಪ್ಪು ಮಾಡಿದ್ದು ನಾನು." ಇಂಚಪ್ಪ ಒಂದೇ ಉಸಿರಿಗೆ ಹೇಳಿದ. "ಪೈಪಿನ ಬಾಯಿಂದ ಹೆಬ್ಬೆರಳು ತೆಗೆದೇ ಇರ್ಲಿಲ್ಲ. ಬಿಟ್ಟಿದೀನಿ ಅಂತ ಸುಳ್ಳು ಹೇಳ್ದೆ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನೀವು ಹಾಕಿದ ಗುರುತು ಸರಿಯಾಗೇ ಇತ್ತು, ನೀರೇ ತಪ್ಪಾಗಿತ್ತು."

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

ಮೇಸ್ತ್ರಿ ಅವನನ್ನೇ ನೋಡಿದರು. ಮುಖದ ಮೇಲೆ ಮೊದಲು ಏನೋ ಒಂದು ಎದ್ದಿತು. ಆಮೇಲೆ ಅದು ಕರಗಿ ನಗುವಾಯಿತು.

"ಎಂಟು ದಿನದಿಂದ ನಿಮ್ಮ ಮುಖ ನೋಡ್ತಾನೇ ಇದೀನಿ ಸಾರ್" ಎಂದರು. "ನನಗಿಂತ ನಿಮಗೇ ಜಾಸ್ತಿ ನೋವಾಗಿದೆ. ಮುದುಕ ಹೀಗೆ ಕೈಚೆಲ್ಲಿ ಹೋಗ್ತಾನಲ್ಲ ಅಂತ ನೀವು ತಪ್ಪನ್ನ ಮೈಮೇಲೆ ಎಳ್ಕೋತಿದೀರಿ. ಬೇರೆ ಯಾರು ಸಾರ್ ಹೀಗೆ ಮಾಡ್ತಾರೆ?"

"ಇಲ್ಲ ಮೇಸ್ತ್ರಿ, ನಿಜ ಹೇಳ್ತಿದೀನಿ."

"ನಾನು ಬೆರಳು ಬಿಟ್ಟಿದೀರಾ ಅಂತ ಕೇಳ್ದೆ. ಬಿಟ್ಟಿದೀನಿ ಅಂದ್ರಿ. ನನಗೆ ನೆನಪಿದೆ. ಬಿಡದೇನೇ ಬಿಟ್ಟಿದೀನಿ ಅನ್ನೋ ಜನ ಅಲ್ಲ ನೀವು. ಕ್ಯಾಲೆಂಡರು ಸೊಟ್ಟಗಿದ್ರೆ ಊಟ ಬಿಟ್ಟು ಏಳೋರು."

"ಪೈಪು ತೆಗೀರಿ. ಈಗಲೇ ಇನ್ನೊಂದ್ಸಲ ನೋಡೋಣ. ಬೆರಳು ಇಟ್ಟೂ ನೋಡೋಣ, ತೆಗೆದೂ ನೋಡೋಣ. ನಿಮಗೇ ಗೊತ್ತಾಗುತ್ತೆ."

ಮೇಸ್ತ್ರಿಯ ನಗು ಹೋಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. "ಬೇಡ ಸಾರ್" ಎಂದರು. "ಮತ್ತೆ ತಪ್ಪಿದ್ರೆ ನಾನೇನು ಮಾಡ್ಲಿ? ಇವತ್ತಿನ ಮಟ್ಟಿಗೆ ನೀವಂದ ಈ ಮಾತಿದೆಯಲ್ಲ, ಅದನ್ನಾದ್ರೂ ಇಟ್ಕೊಂಡು ಹೋಗ್ತೀನಿ."

ಇಂಚಪ್ಪ ಸೊಸೆಯ ಕಡೆ ನೋಡಿದ. ಅವಳು ತಲೆಯೆತ್ತಿದಳು, ತುಟಿ ತೆರೆದಳು. ಒಂದು ಮಾತು ಸಾಕಿತ್ತು: ನಾನು ನೋಡಿದ್ದೆ ಮಾವ. ಆ ಮಾತನ್ನು ಇಂಚಪ್ಪನೂ ಆಡಬಹುದಿತ್ತು. ನಿಮ್ಮ ಸೊಸೆಯನ್ನೇ ಕೇಳಿ ಎಂದರೆ ಮುಗಿಯಿತು. ಅವನು ಪುಣ್ಯಾತ್ಮನಲ್ಲ, ಸುಳ್ಳನೇ ಹೌದು ಎಂದು ಸಾಬೀತಾಗಲು ಅವರ ಮನೆಯ ಒಲೆ ಎರಡಾಗಬೇಕಿತ್ತು. ಅವಳು ತಲೆ ತಗ್ಗಿಸಿ ಚೀಲದ ಬಾಯಿಗೆ ಹಗ್ಗ ಸುತ್ತಿದಳು. ಅವನು ಮಾತು ನುಂಗಿಕೊಂಡ.

ಹೆಂಡತಿ ಹತ್ತಿರ ಬಂದು ಅವನ ತೋಳು ಮುಟ್ಟಿದಳು. ಅವಳ ಕಣ್ಣು ಒದ್ದೆಯಾಗಿತ್ತು. "ಅವತ್ತು ನಾನು ಹಾಗೆ ಮಾತಾಡಿದ್ದಕ್ಕೆ ನೀವು ಹೀಗೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದು ಅವನಿಗೆ ನೆನಪಿರಲಿಲ್ಲ.

ಮೇಸ್ತ್ರಿ ಹೊರಗೆ ನಡೆದರು. ಸೊಸೆ ಚೀಲ ಕಟ್ಟಿ ಬರುವವಳಿದ್ದಳು. ಇಂಚಪ್ಪ ಹಿಂದೆ ಹೊರಟಾಗ ಅತ್ತೆ ಕುರ್ಚಿಯನ್ನು ಅವನ ದಾರಿಗೆ ಅಡ್ಡ ತಂದು ನಿಲ್ಲಿಸಿದರು.

"ನಿಜ ತಾನೇ ಅಳಿಯಂದ್ರೇ?" ಎಂದರು ಮೆಲ್ಲಗೆ.

"ನಿಜ ಅತ್ತೆ."

"ಗೋಡೆ ಒಡೆದ ದಿನವೇ ಹೇಳಿದ್ರೆ ಎಲ್ಲಾರೂ ಬೈತಿದ್ರು. ಅಷ್ಟೇ ಆಗ್ತಿತ್ತು" ಎಂದು ಅತ್ತೆ ಚಕ್ರ ತಿರುಗಿಸಿ ದಾರಿ ಬಿಟ್ಟರು.

ಹೊರಗೆ ಸಂಜೆಯ ಬಿಸಿಲು ಇನ್ನೂ ಇತ್ತು. ಎದುರಿಗೆ ರಸ್ತೆಯಾಚೆ ಔಷಧಿ ಅಂಗಡಿ. ಅಂಗಡಿಯವರು ಗಲ್ಲಾಪೆಟ್ಟಿಗೆಯ ಹಿಂದೆ ಪತ್ರಿಕೆ ಓದುತ್ತ ಕೂತಿದ್ದರು. ಮೇಸ್ತ್ರಿ ಗೇಟು ದಾಟಿ ರಸ್ತೆಯ ಅಂಚಿಗೆ ಹೋಗಿ ಅಲ್ಲೇ ನಿಂತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಎಡಕ್ಕೆ ನೋಡಿದರು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಅವರು ಹೆಜ್ಜೆ ಇಡಲಿಲ್ಲ. ಇಂಚಪ್ಪ ಹೋಗಿ ಪಕ್ಕದಲ್ಲಿ ನಿಂತ.

"ಏನಾದ್ರೂ ಬರ್ತಿದೆಯಾ ಸಾರ್?" ಮೇಸ್ತ್ರಿ ಕೇಳಿದರು.

"ಇಲ್ಲ."

"ಸರಿಯಾಗಿ ನೋಡಿದ್ರಾ?"

ಇಂಚಪ್ಪ ಮತ್ತೊಮ್ಮೆ ರಸ್ತೆಯ ಎರಡೂ ತುದಿಯವರೆಗೆ ನೋಡಿದ. "ನೋಡ್ದೆ" ಎಂದ. ಮೇಸ್ತ್ರಿ ಅವನ ಮುಂಗೈ ಹಿಡಿದುಕೊಂಡು, ಕಾಲಿನಿಂದ ಅಂಚನ್ನು ಮುಟ್ಟಿ ನೋಡಿ, ರಸ್ತೆಗೆ ಇಳಿದರು.